ಹಿಮದ ಮೇಲೆ ಪುಟ್ಟ ಹೆಜ್ಜೆಗಳು

ಹಲಸೂರಿನ ಸಹೋದರಿಯೊಬ್ಬರು ಬರೆದ ಪತ್ರವೇ ಈ ತಿಂಗಳ ಅಂಕಣಕ್ಕೆ ಕಾರಣ. ಅವರ ಪತಿ ದುಬೈಯಲ್ಲಿ ಉದ್ಯೋಗದಲ್ಲಿದ್ದಾರೆ. ಶಾಲೆಯ ರಜೆಯಲ್ಲಿ ಪತ್ನಿ ಮತ್ತು ಮಕ್ಕಳನ್ನು ಅಲ್ಲಿಗೆ ಕರೆಸಿಕೊಳ್ಳುತ್ತಿದ್ದಾರೆ. ಅಲ್ಲಿ ಹಿಮದ ಇಳಿಜಾರಿನ ಮೇಲೆ ಜಾರುವುದನ್ನು, ಅಂದರೆ ಸ್ಕೀಯಿಂಗ್ ಅನ್ನು, ಮೂರು ವರ್ಷದ ಮಗನಿಗೆ ಕಲಿಸಬೇಕೆಂಬುದು ಅವರ ಆಸೆ. ಏಳು ವರ್ಷದ ಮಗಳು ತಾಯಿಯ ಪಕ್ಕ ಕುಳಿತು ನೋಡಿದರೆ ಸಾಕಂತೆ, ಹೆಣ್ಣು ಮಗುವಿಗೆ ಅದೆಲ್ಲ ಏಕೆ ಎನ್ನುತ್ತಾರಂತೆ. ಅತ್ತೆಯವರಿಗಂತೂ ಇಬ್ಬರೂ ಹೋಗುವುದು ಬೇಡ. ಕೈಕಾಲು ಮುರಿದರೆ ಗತಿಯೇನು ಎಂಬುದು ಅವರ ಚಿಂತೆ. ಮಗಳು ಮಾತ್ರ "ಅಮ್ಮಿ, ನನಗೂ ಕಲಿಸಿ" ಎಂದು ಪಟ್ಟು ಹಿಡಿದಿದ್ದಾಳೆ. ಎಷ್ಟನೇ ವಯಸ್ಸಿನಲ್ಲಿ ಕಲಿಸಬಹುದು, ಇದು ದುಂದುವೆಚ್ಚವಲ್ಲವೇ, ಹೆಣ್ಣು ಮಕ್ಕಳಿಗೆ ಕಲಿಸಬಹುದೇ ಎಂದು ಮೂರು ಪ್ರಶ್ನೆಗಳನ್ನು ಆ ಸಹೋದರಿ ಕೇಳಿದ್ದಾರೆ.

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ, ಈ ವಿಷಯ ನಮಗೇಕೆ ಎಂದು ಕೆಲವು ಓದುಗರು ಕೇಳಬಹುದು. ಆದರೆ ಶಿವಾಜಿನಗರ, ಫ್ರೇಝರ್ ಟೌನ್, ಹಲಸೂರು ಕಡೆಯ ಎಷ್ಟೋ ಮನೆಗಳ ಮಕ್ಕಳು ಗಲ್ಫ್‌ನಲ್ಲಿ ರಜೆ ಕಳೆಯುತ್ತಾರೆ. ಇಂದಿರಾನಗರ, ಕೆ.ಆರ್. ಪುರಂ ಕಡೆಯ ಕುಟುಂಬಗಳು ಚಳಿಗಾಲದಲ್ಲಿ ಕಾಶ್ಮೀರಕ್ಕೆ ಹೋಗಿಬರುತ್ತವೆ. ಎಲ್ಲಿಗೂ ಹೋಗದ ಮಕ್ಕಳೂ ಕಾಲಿಗೆ ಚಕ್ರ ಕಟ್ಟಿಕೊಂಡು ಸ್ಕೇಟಿಂಗ್ ಕಲಿಯುತ್ತಾರೆ. ಹಿಮವಾಗಲಿ, ಸಿಮೆಂಟ್ ನೆಲವಾಗಲಿ, ಜಾರುವ ಆಟವನ್ನು ಎಳೆಯ ಮಕ್ಕಳಿಗೆ ಹೇಗೆ ಪರಿಚಯಿಸಬೇಕು ಎಂಬ ಪ್ರಶ್ನೆ ಒಂದೇ.

ಹಳೆಯ ವಿದ್ಯೆ

ಸ್ಕೀಯಿಂಗ್ ಶ್ರೀಮಂತರು ಹೊಸದಾಗಿ ಕಂಡುಹಿಡಿದ ಮೋಜು ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಅದು ಹಿಮದ ನಾಡಿನ ಬಡವರ ನಡಿಗೆ. 14ನೇ ಶತಮಾನದ ಆರಂಭದಲ್ಲಿ ಇರಾನಿನ ಇತಿಹಾಸಕಾರ ರಶೀದುದ್ದೀನ್ ತಮ್ಮ 'ಜಾಮಿಉತ್ತವಾರೀಖ್' ಗ್ರಂಥದಲ್ಲಿ ಮಂಗೋಲಿಯದ ಕಡೆಯ ಕಾಡುಜನರ ಬಗ್ಗೆ ಬರೆದಿದ್ದಾರೆ. ಅವರು ಕಾಲಿಗೆ ಹಲಗೆ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ನೀರಿನಲ್ಲಿ ದೋಣಿ ನಡೆಸುವಂತೆ ಹಿಮದ ಮೇಲೆ ಸಾಗಿ ಬೇಟೆಯಾಡುತ್ತಿದ್ದರು. ಏಳು ನೂರು ವರ್ಷಗಳ ಹಿಂದೆಯೇ ನಮ್ಮ ಗ್ರಂಥಗಳಲ್ಲಿ ಇದರ ವರ್ಣನೆ ಇದೆ ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಹಿಮ ಎಂಬ ಪದವೂ ನಮ್ಮ ಮಕ್ಕಳಿಗೆ ಅಪರಿಚಿತವೇನಲ್ಲ. ನಮಾಝಿನ ಆರಂಭದಲ್ಲಿ ಪ್ರವಾದಿ(ಸ) ಓದುತ್ತಿದ್ದರೆಂದು ಹದೀಸ್‌ಗಳಲ್ಲಿ ಬಂದಿರುವ ಒಂದು ದುಆದಲ್ಲಿ ಪಾಪಗಳನ್ನು ನೀರು, ಹಿಮ ಮತ್ತು ಆಲಿಕಲ್ಲಿನಿಂದ ತೊಳೆಯಬೇಕೆಂಬ ಬೇಡಿಕೆ ಇದೆ. ಹಿಮಕ್ಕೆ ಅಲ್ಲಿರುವ ಪದ 'ಸಲ್ಜ್'. ಮದ್ರಸದಲ್ಲಿ ಈ ದುಆ ಕಲಿಸುವಾಗ ಮಕ್ಕಳು "ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದಲ್ಲ, ಅದೇನಾ?" ಎಂದು ಕೇಳುತ್ತಾರೆ. ಆ ಪದವನ್ನು ಒಮ್ಮೆ ಅಂಗೈಯಲ್ಲಿ ಹಿಡಿದು ನೋಡುವ ಅವಕಾಶ ಮಗುವಿಗೆ ಸಿಕ್ಕರೆ ಅದೂ ಒಂದು ಪಾಠವೇ. ಜಯಮಹಲ್ ಬಳಿ 2010ರ ದಶಕದಲ್ಲಿ 'ಸ್ನೋ ಸಿಟಿ' ಎಂಬ ಕೃತಕ ಹಿಮದ ಕೋಣೆ ಆರಂಭವಾದಾಗ ನಮ್ಮ ಕಡೆಯ ಅನೇಕ ಮಕ್ಕಳು ಹಿಮವನ್ನು ಮೊದಲ ಬಾರಿಗೆ ಮುಟ್ಟಿದ್ದು ಅಲ್ಲಿಯೇ.

ದುಬೈಯ ಮಾಲ್ ಆಫ್ ದಿ ಎಮಿರೇಟ್ಸ್‌ನಲ್ಲಿ 2005ರಲ್ಲಿ ತೆರೆದ 'ಸ್ಕೀ ದುಬೈ' ಇದಕ್ಕಿಂತ ಬಹಳ ದೊಡ್ಡದು. ಹೊರಗೆ ಮರುಭೂಮಿಯ ಸುಡುಬಿಸಿಲು, ಒಳಗೆ ಸೊನ್ನೆಗಿಂತ ಕೆಳಗಿನ ಚಳಿ. ಅಲ್ಲಿ ಐದು ಇಳಿಜಾರುಗಳಿವೆ, ಅತಿ ಉದ್ದದ್ದು ಸುಮಾರು 400 ಮೀಟರ್. ನಮ್ಮ ದೇಶದಲ್ಲಿ ಈ ಆಟದ ಮುಖ್ಯ ನೆಲೆಗಳಲ್ಲೊಂದು ಕಾಶ್ಮೀರದ ಗುಲ್ಮಾರ್ಗ್. ಅದರ ಪಕ್ಕದ ತಂಗ್‌ಮಾರ್ಗ್ ಕಡೆಯ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದರು. ಜೈಂಟ್ ಸ್ಲಾಲಮ್ ಎಂಬ ಸ್ಪರ್ಧೆಯಲ್ಲಿ ಅವರಿಗೆ 45ನೇ ಸ್ಥಾನ ಬಂತು. ಅವರ ತಂದೆ ಗುಲ್ಮಾರ್ಗ್‌ನಲ್ಲಿ ಸ್ಕೀ ಸಾಮಗ್ರಿಗಳ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿಯ ಬಳಿಯೇ ಒಂದು ಸಣ್ಣ ಇಳಿಜಾರು ಮಾಡಿ ನಾಲ್ಕು ವರ್ಷದ ಮಗನನ್ನು ಅದರ ಮೇಲೆ ಆಡಲು ಬಿಟ್ಟರು. ಒಲಿಂಪಿಕ್ಸ್‌ನ ದಾರಿ ಅಲ್ಲಿಂದ ಶುರುವಾಯಿತು.

ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ದಾರಿ ಬೇರೆ. ಅವರು ಬಾಲ್ಯದಲ್ಲಿ ಹಿಮದ ಮೇಲೆ ಆಡಿದವರಲ್ಲ. ದೊಡ್ಡವರಾದ ಮೇಲೆ ಪರ್ವತಾರೋಹಣದ ಮೂಲಕ ಈ ಕ್ರೀಡೆಗೆ ಬಂದರು. ಆದರೂ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. ಇವರಿಬ್ಬರನ್ನೂ ಇಲ್ಲಿ ನೆನಪಿಸಲು ಕಾರಣವಿದೆ. ಮೂರನೇ ವರ್ಷಕ್ಕೇ ಶುರು ಮಾಡದಿದ್ದರೆ ಮಗು ಹಿಂದೆ ಬೀಳುತ್ತದೆ ಎಂಬ ಆತಂಕ ತಂದೆ ತಾಯಂದಿರಿಗೆ ಬೇಡ. ಬೇಗ ಆರಂಭಿಸಿದವರೂ ತಲುಪಿದ್ದಾರೆ, ತಡವಾಗಿ ಬಂದವರೂ ತಲುಪಿದ್ದಾರೆ.

ಮದೀನಾದ ಕುದುರೆ ಓಟ

ಆಟ ನಮ್ಮ ದೀನಿಗೆ ಹೊರಗಿನದಲ್ಲ. ಪ್ರವಾದಿ(ಸ) ತಮ್ಮ ಪತ್ನಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ ವಿಷಯ ನಮಗೆಲ್ಲ ಗೊತ್ತು. ಮಕ್ಕಳಿಗೆ ಈಜು, ಬಿಲ್ವಿದ್ಯೆ ಮತ್ತು ಕುದುರೆ ಸವಾರಿ ಕಲಿಸಬೇಕೆಂದು ಹ. ಉಮರ್(ರ) ಹೇಳಿದರೆಂದು ಪ್ರಸಿದ್ಧವಾಗಿದೆ. ಇಮಾಮ್ ಗಝ್ಝಾಲಿಯವರು 'ಇಹ್ಯಾ'ದಲ್ಲಿ, ಪಾಠ ಮುಗಿಸಿದ ಮಗುವನ್ನು ಆಡಲು ಬಿಡಬೇಕು, ಸದಾ ಓದಿಗೇ ಕಟ್ಟಿಹಾಕಿದರೆ ಮಗುವಿನ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂಬ ಅರ್ಥದಲ್ಲಿ ಎಚ್ಚರಿಸಿದ್ದಾರೆ. ಶಾಲೆ, ಟ್ಯೂಷನ್, ಮದ್ರಸ, ನಂತರ ಮೊಬೈಲ್ ಎಂದು ದಿನವಿಡೀ ಕುಳಿತೇ ಇರುವ ನಮ್ಮ ಮಕ್ಕಳ ಬಗ್ಗೆಯೇ ಅವರು ಬರೆದಂತಿದೆ.

ಆದರೆ ಈ ವಿಷಯದಲ್ಲಿ ನನಗೆ ಹೆಚ್ಚು ಉಪಯುಕ್ತವೆನಿಸುವುದು ಬುಖಾರಿಯಲ್ಲಿ ಇಬ್ನು ಉಮರ್(ರ) ವರದಿ ಮಾಡಿರುವ ಕುದುರೆ ಓಟದ ಪ್ರಸಂಗ. ಪ್ರವಾದಿ(ಸ) ಮದೀನಾದಲ್ಲಿ ಕುದುರೆ ಓಟ ಏರ್ಪಡಿಸಿದಾಗ ಪಳಗಿಸಿ ಸಿದ್ಧಗೊಳಿಸಿದ ಕುದುರೆಗಳಿಗೆ ಒಂದು ದೂರ, ಹಾಗೆ ಸಿದ್ಧಗೊಳಿಸದ ಕುದುರೆಗಳಿಗೆ ಇನ್ನೊಂದು ದೂರ ನಿಗದಿ ಮಾಡಿದರು. ಸಿದ್ಧವಾದವುಗಳು ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ ಓಡಿದವು. ಅದು ಐದಾರು ಮೈಲಿ ದೂರ. ಸಿದ್ಧವಾಗದವು ಸನಿಯ್ಯದಿಂದ ಬನೂ ಝುರೈಕ್ ಮಸೀದಿಯವರೆಗೆ ಮಾತ್ರ ಓಡಿದವು. ಅದು ಒಂದೇ ಮೈಲಿ.

ಇದರಲ್ಲಿ ಎರಡು ಪಾಠಗಳಿವೆ. ಸಿದ್ಧವಾಗದ ಕುದುರೆಯನ್ನು ಮನೆಗೆ ಕಳುಹಿಸಲಿಲ್ಲ, ಅದಕ್ಕೂ ಒಂದು ಓಟವಿತ್ತು. ಹಾಗೆಯೇ ಸಿದ್ಧವಾಗದ ಕುದುರೆಯನ್ನು ಐದಾರು ಮೈಲಿ ಓಡಿಸಲಿಲ್ಲ. ಕುದುರೆಯ ವಿಷಯದಲ್ಲೇ ಇಷ್ಟು ಕಾಳಜಿ ಇದ್ದರೆ ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ ಆದ ಮಕ್ಕಳ ವಿಷಯದಲ್ಲಿ ಎಷ್ಟಿರಬೇಕು? ಭಯದಿಂದ ಎಲ್ಲವನ್ನೂ ನಿಷೇಧಿಸುವ ಅಜ್ಜಿಗೂ, ಹೆಮ್ಮೆಯಿಂದ ಎಳೆಯ ಮಗುವನ್ನು ಮುಂದೆ ತಳ್ಳುವ ತಂದೆಗೂ ಇದರಲ್ಲಿ ಉತ್ತರವಿದೆ. ಆಟ ಇರಲಿ, ಆದರೆ ಅದು ಮಗುವಿನ ಅಳತೆಗೆ ತಕ್ಕಂತಿರಲಿ.

ಎಷ್ಟನೇ ವಯಸ್ಸು?

ಹಿಮದ ದೇಶಗಳಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ವರ್ಷದ ನಂತರವೇ ಮಕ್ಕಳನ್ನು ತರಗತಿಗೆ ಸೇರಿಸಿಕೊಳ್ಳುತ್ತಾರೆ. ಅದಕ್ಕಿಂತ ಎಳೆಯ ಮಕ್ಕಳಿಗೆ ಕಾಲಿನ ಬಲ, ಸಮತೋಲ, ಹೇಳಿದ್ದನ್ನು ಕೇಳಿ ನಡೆಯುವ ತಾಳ್ಮೆ ಇನ್ನೂ ಬಂದಿರುವುದಿಲ್ಲ. ಅವರಿಗೆ ಹಿಮದಲ್ಲಿ ನಡೆಯುವುದು, ಉಂಡೆ ಕಟ್ಟುವುದು, ಕುಳಿತು ಜಾರುವುದು, ಇಷ್ಟೇ ದೊಡ್ಡ ಹಬ್ಬ. ಮೂರು ತುಂಬಿದ ಮಗು ಕೂಡ ಹಲಗೆ ಕಟ್ಟಿಕೊಂಡು ಸಮತಟ್ಟಾದ ಜಾಗದಲ್ಲಿ ಹತ್ತು ಹೆಜ್ಜೆ ನಡೆದರೆ ಆ ದಿನಕ್ಕೆ ಸಾಕು. ಸ್ವಂತ ಬಲದ ಮೇಲೆ ತಿರುಗುವುದು, ನಿಲ್ಲುವುದು ಹೆಚ್ಚಿನ ಮಕ್ಕಳಿಗೆ ಐದರಿಂದ ಏಳು ವರ್ಷದ ಹೊತ್ತಿಗೆ ಸುಲಭವಾಗುತ್ತದೆ. ಕೂಸನ್ನು ಬೆನ್ನಿಗೋ ಎದೆಗೋ ಕಟ್ಟಿಕೊಂಡು ದೊಡ್ಡವರು ಜಾರುವುದು ಮಾತ್ರ ಖಂಡಿತ ಬೇಡ. ಬಿದ್ದರೆ ಕೂಸಿಗೆ ರಕ್ಷಣೆಯಿಲ್ಲ, ಅಲುಗಾಡದೆ ಇರುವ ಕೂಸಿನ ಮೈ ಚಳಿಗೆ ಬೇಗ ತಣ್ಣಗಾಗುತ್ತದೆ.

ವಯಸ್ಸಿಗಿಂತ ಮಗುವಿನ ಲಕ್ಷಣ ನೋಡಿ. ಒಂಟಿ ಕಾಲಿನಲ್ಲಿ ಐದಾರು ಎಣಿಸುವವರೆಗೆ ನಿಲ್ಲುತ್ತದೆಯೇ? ತಾಯಿಯನ್ನು ಬಿಟ್ಟು ಅರ್ಧ ಗಂಟೆ ಬೇರೆಯವರ ಮಾತು ಕೇಳುತ್ತದೆಯೇ? ಮೂತ್ರಕ್ಕೆ ಹೋಗಬೇಕೆಂದು ಹೇಳುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಆಸೆ ಇದೆಯೇ? ಈ ನಾಲ್ಕಕ್ಕೂ ಹೌದು ಎಂದರೆ ಆರಂಭಿಸಬಹುದು.

ಮೊದಲ ದಿನದ ಪಾಠ

ಎಳೆಯ ಮಕ್ಕಳಿಗೆ ಮೊದಲ ದಿನಗಳಲ್ಲಿ ಕೈಗೆ ಕೋಲು ಕೊಡುವುದಿಲ್ಲ. ಕೋಲು ಇದ್ದರೆ ಮಗು ಅದನ್ನೇ ಊರಿಕೊಂಡು ನಿಲ್ಲಲು ನೋಡುತ್ತದೆ, ಕಾಲನ್ನು ನಂಬುವುದಿಲ್ಲ. ಮೊದಲು ಬೂಟು ಮಾತ್ರ ಹಾಕಿ ನಡೆಯುವುದು, ನಂತರ ಒಂದು ಕಾಲಿಗೆ ಹಲಗೆ, ಆಮೇಲೆ ಎರಡಕ್ಕೂ. ಏಡಿಯಂತೆ ಅಡ್ಡಡ್ಡ ಹೆಜ್ಜೆ ಇಟ್ಟು ಏರುವುದನ್ನು ಕಲಿಸುತ್ತಾರೆ. ಇಳಿಯುವಾಗ ವೇಗ ತಗ್ಗಿಸಲು ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಅಗಲ ಮಾಡಬೇಕು. ಪಾಶ್ಚಾತ್ಯ ತರಬೇತುದಾರರು ಮಕ್ಕಳಿಗೆ ಇದನ್ನು 'ಪಿಝ್ಝಾ' ಎಂದು ಹೇಳಿಕೊಡುತ್ತಾರೆ. ರಂಝಾನ್‌ನಲ್ಲಿ ಶಿವಾಜಿನಗರದ ಬೀದಿಗಳನ್ನು ಕಂಡ ನಮ್ಮ ಮಕ್ಕಳಿಗೆ 'ಸಮೋಸ' ಎಂದರೆ ತಕ್ಷಣ ಅರ್ಥವಾಗುತ್ತದೆ. ಸಮೋಸ ಮಾಡಿದರೆ ನಿಧಾನ, ರೈಲು ಹಳಿ ಮಾಡಿದರೆ ವೇಗ. ಮೊದಲ ಪಾಠ ಇಷ್ಟೇ.

ಸಾಮಾನನ್ನು ಖರೀದಿಸಬೇಡಿ, ಬಾಡಿಗೆಗೆ ಪಡೆಯಿರಿ. ಮಕ್ಕಳ ಕಾಲು ಬೇಗ ಬೆಳೆಯುತ್ತದೆ. ಮುಂದಿನ ವರ್ಷಕ್ಕೂ ಆಗಲಿ ಎಂದು ಹಬ್ಬದ ಚಪ್ಪಲಿಯಂತೆ ಒಂದು ಸೈಜ್ ದೊಡ್ಡ ಬೂಟು ಹಾಕಿಸುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕರ. ಬೂಟು ಸಡಿಲವಾದರೆ ಹಲಗೆ ಮಗುವಿನ ಮಾತು ಕೇಳುವುದಿಲ್ಲ. ಎರಡು ಜೊತೆ ಕಾಲುಚೀಲ ಬೇಡ, ಉದ್ದದ ಒಂದೇ ಜೊತೆ ಸಾಕು. ಎರಡು ಹಾಕಿದರೆ ಮಡಿಕೆ ಬಿದ್ದು ಕಾಲು ನೋಯುತ್ತದೆ, ರಕ್ತ ಓಡದೆ ಇನ್ನಷ್ಟು ತಣ್ಣಗಾಗುತ್ತದೆ. ಹಲಗೆಯ ಉದ್ದ ಮಗುವಿನ ಎದೆಯಿಂದ ಗದ್ದದವರೆಗೆ ಬಂದರೆ ಸರಿ. ಬಿದ್ದಾಗ ಬೂಟಿನಿಂದ ಹಲಗೆ ಕಳಚಿಕೊಳ್ಳುವ ಕೊಂಡಿಯನ್ನು ಮಗುವಿನ ತೂಕಕ್ಕೆ ತಕ್ಕಂತೆ ಹೊಂದಿಸಬೇಕು. ಅದು ತಿಳಿದವರ ಕೆಲಸ, ನೀವು ಮುಟ್ಟಬೇಡಿ. ತೂಕವನ್ನು ಮಾತ್ರ ಸರಿಯಾಗಿ ಹೇಳಿ.

ಹೆಲ್ಮೆಟ್ ಇಲ್ಲದೆ ಒಂದು ಹೆಜ್ಜೆಯೂ ಬೇಡ. ಅದು ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಕೂರಬೇಕು, ತಲೆ ಅಲ್ಲಾಡಿಸಿದರೆ ಜಾರಬಾರದು. ಒಳಗೆ ದಪ್ಪ ಉಣ್ಣೆ ಟೋಪಿ ಹಾಕಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಬೆರಳುಗಳೆಲ್ಲ ಒಟ್ಟಿಗಿರುವ ಕೈಚೀಲ ಹೆಚ್ಚು ಬೆಚ್ಚಗೆ. ಒಂದೇ ದಪ್ಪ ಸ್ವೆಟರ್‌ಗಿಂತ ತೆಳುವಾದ ಎರಡು ಮೂರು ಪದರ ಬಟ್ಟೆ ಮೇಲು. ಇಷ್ಟೆಲ್ಲ ತೊಡಿಸುವ ಮೊದಲು ಮಗುವನ್ನು ಶೌಚಾಲಯಕ್ಕೆ ಕರೆದೊಯ್ಯಲು ಮರೆಯಬೇಡಿ.

ಬೀಳಲು ಕಲಿಸಿ

ಬೀಳುವುದು ಈ ಆಟದ ಭಾಗ. ಹಿಂದಕ್ಕೆ ಬೀಳದೆ ಪಕ್ಕಕ್ಕೆ ಕುಳಿತುಕೊಳ್ಳುವಂತೆ ಬೀಳುವುದನ್ನು ಮೊದಲೇ ಹೇಳಿಕೊಡುತ್ತಾರೆ. ಏಳುವಾಗ ಹಲಗೆಗಳನ್ನು ಇಳಿಜಾರಿಗೆ ಅಡ್ಡವಾಗಿ, ದೇಹದ ಕೆಳಬದಿಗೆ ತಂದುಕೊಳ್ಳಬೇಕು. ಇಲ್ಲದಿದ್ದರೆ ಎದ್ದ ಕ್ಷಣವೇ ಮತ್ತೆ ಜಾರುತ್ತದೆ. ಬಿದ್ದ ಮಗುವನ್ನು ನೋಡಿ ನಗಬೇಡಿ, ಗಾಬರಿಯಿಂದ ಕೂಗಲೂ ಬೇಡಿ. ಮಗು ಮೊದಲು ನೋಡುವುದು ನಿಮ್ಮ ಮುಖವನ್ನು. ಅಲ್ಲಿ ಭಯ ಕಂಡರೆ ಅದೂ ಹೆದರುತ್ತದೆ. "ಗಂಡು ಮಗ ಅಳುತ್ತಾನೇನೋ?" ಎಂಬ ಮಾತು ಬೇಡವೇ ಬೇಡ. "ಅಕ್ಕ ಮಾಡಿದಳು, ನಿನಗೇಕೆ ಆಗದು?" ಎಂಬ ಹೋಲಿಕೆಯೂ ಬೇಡ.

ಚಿಕ್ಕ ಮಕ್ಕಳಿಗೆ ಒಂದು ಗಂಟೆಗಿಂತ ಹೆಚ್ಚು ಬೇಡ, ಮಧ್ಯೆ ಬಿಸಿ ಹಾಲು, ಖರ್ಜೂರ, ವಿಶ್ರಾಂತಿ ಇರಲಿ. ಅತ್ತು ಸುಸ್ತಾದ ಮೇಲೆ ನಿಲ್ಲಿಸುವ ಬದಲು ನಗುತ್ತಿರುವಾಗಲೇ ನಿಲ್ಲಿಸಿ. ಆಗ ನಾಳೆ ತಾನಾಗಿಯೇ ಬರುತ್ತದೆ. ಪ್ರವಾದಿ(ಸ) ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿದ ಪ್ರಸಂಗ ನೆನಪಿರಲಿ. ಹಿಂದೆ ಇಡೀ ಜಮಾಅತ್ ನಿಂತಿದ್ದರೂ ಮಗು ತನ್ನ ಆಟ ಮುಗಿಸುವವರೆಗೆ ಅವರು ಅವಸರಿಸಲಿಲ್ಲ. ನಮಾಝಿನಲ್ಲೇ ಮಗುವಿಗಾಗಿ ಕಾದ ಪ್ರವಾದಿಯ ಉಮ್ಮತ್ತಿಗೆ, ಟಿಕೆಟ್ ಹಣ ವ್ಯರ್ಥವಾಗುತ್ತದೆಂದು ಅಳುವ ಮಗುವನ್ನು ಇಳಿಜಾರಿಗೆ ಎಳೆಯುವುದು ಶೋಭಿಸುತ್ತದೆಯೇ?

ಗುಲ್ಮಾರ್ಗ್‌ಗೆ ಹೋಗುವವರಿಗೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗುಲ್ಮಾರ್ಗ್ 2,650 ಮೀಟರ್. ಆದ್ದರಿಂದ ಮೊದಲ ದಿನ ಮಕ್ಕಳಿಗೆ ವಿಶ್ರಾಂತಿ ಕೊಡಿ, ನೀರು ಹೆಚ್ಚು ಕುಡಿಸಿ. ಗೊಂಡೋಲದಲ್ಲಿ ಅಫರ್ವತ್‌ನ ಮೇಲ್ತುದಿಗೆ ಎಳೆಯ ಮಕ್ಕಳನ್ನು ಕರೆದೊಯ್ಯುವ ಆತುರ ಬೇಡ, ಅದು 3,900 ಮೀಟರ್‌ಗಿಂತಲೂ ಎತ್ತರ. ಕಲಿಯುವವರಿಗೆ ಕೆಳಗಿನ ಸಣ್ಣ ಇಳಿಜಾರುಗಳೇ ಸಾಕು. ಮೇಲಿನ ಬೆಟ್ಟಗಳಲ್ಲಿ 2023 ಮತ್ತು 2024ರ ಫೆಬ್ರವರಿಯಲ್ಲಿ ಹಿಮಪಾತಕ್ಕೆ ಸಿಕ್ಕಿ ವಿದೇಶಿ ಸ್ಕೀಯರ್‌ಗಳು ಪ್ರಾಣ ಕಳೆದುಕೊಂಡಿದ್ದಾರೆ. ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತದೆ, ಕನ್ನಡಕವಿಲ್ಲದೆ ಮಕ್ಕಳನ್ನು ಹೊರಗೆ ಬಿಡಬೇಡಿ. ಇನ್ನೊಂದು ಮಾತು, ಈಗ ಹಿಮದ ಭರವಸೆಯೂ ಕಡಿಮೆಯಾಗಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುತೇಕ ಬರಿದಾಗಿತ್ತು. 2025ರಲ್ಲಿ ಹಿಮದ ಕೊರತೆಯಿಂದ ಖೇಲೋ ಇಂಡಿಯಾ ಕೂಟವನ್ನೇ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು. ಟಿಕೆಟ್ ಮಾಡಿಸುವ ಮೊದಲು ವಿಚಾರಿಸಿ. ಕಲಿಸಲು ಪರವಾನಗಿ ಇರುವ ತರಬೇತುದಾರರನ್ನೇ ಹುಡುಕಿ.

ಬೆಂಗಳೂರಿನಲ್ಲೇ ಆರಂಭಿಸಿ

ದುಬೈಗಾಗಲಿ ಕಾಶ್ಮೀರಕ್ಕಾಗಲಿ ಹೋಗಲಾಗದ ಕುಟುಂಬಗಳೇ ನಮ್ಮಲ್ಲಿ ಹೆಚ್ಚು. ಅವರ ಮಕ್ಕಳು ಏನೂ ಕಳೆದುಕೊಳ್ಳಬೇಕಾಗಿಲ್ಲ. ಮಂಡಿ ಬಗ್ಗಿಸಿ ನಿಲ್ಲುವುದು, ದೃಷ್ಟಿಯನ್ನು ಪಾದದ ಬದಲು ಮುಂದೆ ಇಡುವುದು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವುದು ಹಿಮದ ಮೇಲೆಯೂ ಚಕ್ರದ ಮೇಲೆಯೂ ಒಂದೇ. ಹಿಮವಿಲ್ಲದ ತಿಂಗಳುಗಳಲ್ಲಿ ದೊಡ್ಡ ಸ್ಕೀ ಪಟುಗಳೂ ಚಕ್ರದ ಹಲಗೆಗಳ ಮೇಲೆ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ.

ಮನೆಯಲ್ಲಿ ಖರ್ಚಿಲ್ಲದೆ ಮಾಡಬಹುದಾದ ಆಟಗಳಿವೆ. ಒಂಟಿ ಕಾಲಿನಲ್ಲಿ ನಿಂತು ಹತ್ತರವರೆಗೆ ಅರಬಿಯಲ್ಲಿ ಎಣಿಸುವುದು, ಮೆಟ್ಟಿಲನ್ನು ಏಡಿಯಂತೆ ಅಡ್ಡವಾಗಿ ಏರುವುದು, ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕುಳಿತಂತೆ ನಿಲ್ಲುವುದು. ನಾಲ್ಕೈದು ವರ್ಷವಾದ ಮೇಲೆ ಸ್ಕೇಟ್ಸ್ ಕೊಡಿಸಬಹುದು. ಮೊದಲು ಚಾಪೆ ಅಥವಾ ಹುಲ್ಲಿನ ಮೇಲೆ ಕಟ್ಟಿಕೊಂಡು ನಡೆಯಲಿ, ಅಲ್ಲಿ ಚಕ್ರ ಓಡುವುದಿಲ್ಲ. ಹೆಲ್ಮೆಟ್ ಜೊತೆಗೆ ಮಂಡಿ, ಮೊಣಕೈ, ಮಣಿಕಟ್ಟಿನ ಪಟ್ಟಿಗಳು ಬೇಕೇ ಬೇಕು. ಸೈಜ್ ಹಿಗ್ಗಿಸಬಹುದಾದ ಒಂದು ಜೊತೆ ಸ್ಕೇಟ್ಸ್ ಇದ್ದರೆ ಚಾಚಾ, ಖಾಲಾ ಮಕ್ಕಳೆಲ್ಲ ಸರದಿಯಲ್ಲಿ ಕಲಿಯಬಹುದು. ಹಂಚಿಕೊಳ್ಳುವ ಪಾಠವೂ ಆಯಿತು. ಭಾನುವಾರ ಬೆಳಿಗ್ಗೆ ವಾಹನ ಪ್ರವೇಶವಿಲ್ಲದ ಕಬ್ಬನ್ ಪಾರ್ಕ್ ಇದಕ್ಕೆ ಒಳ್ಳೆಯ ಜಾಗ. ಫಜ್ರ್ ಮುಗಿಸಿ ಹೊರಟರೆ ಶಿವಾಜಿನಗರದಿಂದ ಎಷ್ಟು ದೂರ? ಕೆ.ಆರ್. ಪುರಂ ಕಡೆಯ ಲಾರಿ ಓಡಾಡುವ ರಸ್ತೆಗಳಲ್ಲಿ, ಹಳೆ ಮದ್ರಾಸ್ ರಸ್ತೆಯ ಅಂಚಿನಲ್ಲಿ ಮಾತ್ರ ಚಕ್ರ ಕಟ್ಟಿಸಬೇಡಿ.

ಹೆಣ್ಣು ಮಗು, ಹಣ ಮತ್ತು ಹೆಮ್ಮೆ

ಈಗ ಸಹೋದರಿಯ ಪ್ರಶ್ನೆಗಳಿಗೆ ನೇರವಾಗಿ ಬರೋಣ. ಅವರ ಇಬ್ಬರು ಮಕ್ಕಳಲ್ಲಿ ಈ ಪಾಠಕ್ಕೆ ಸಿದ್ಧವಾಗಿರುವುದು ಯಾರು? ಏಳು ವರ್ಷದ ಮಗಳು. ಅವಳಿಗೆ ವಯಸ್ಸಾಗಿದೆ, ಹೇಳಿದ್ದು ಅರ್ಥವಾಗುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಅವಳಿಗೆ ಆಸೆ ಇದೆ. ಮೂರು ವರ್ಷದ ಮಗನಿಗೆ ಹಿಮದಲ್ಲಿ ಆಟವಾಡುವುದು ಸಾಕು. ಮದೀನಾದ ಓಟದಲ್ಲಿ ದೂರವನ್ನು ನಿರ್ಧರಿಸಿದ್ದು ಕುದುರೆಯ ಸಿದ್ಧತೆ. ನಮ್ಮ ಮನೆಯಲ್ಲೂ ಅದೇ ಅಳತೆ ಇರಲಿ. ಸಿದ್ಧಳಾದ ಮಗಳನ್ನು ಬೆಂಚಿನ ಮೇಲೆ ಕೂರಿಸಿ, ಸಿದ್ಧನಲ್ಲದ ಮಗನನ್ನು ಇಳಿಜಾರಿಗೆ ತಳ್ಳಿದರೆ ಇಬ್ಬರಿಗೂ ಅನ್ಯಾಯ. ಮಗಳಿಗೆ ತಾನು ಕಡಿಮೆ ಎಂಬ ನೋವು ಉಳಿಯುತ್ತದೆ. ಮಗನಿಗೆ ಹಿಮ ಎಂದರೆ ಭಯ ಉಳಿಯುತ್ತದೆ. ಉಡುಪಿನ ಚಿಂತೆಯೂ ಇಲ್ಲಿಲ್ಲ. ತಲೆಯಿಂದ ಪಾದದವರೆಗೆ ಸಡಿಲವಾಗಿ ಮುಚ್ಚುವ ಬಟ್ಟೆ ಈ ಆಟಕ್ಕೇ ಅಗತ್ಯ. ಹತ್ತು ವರ್ಷವಾಯಿತೆಂದು ಹೆಣ್ಣು ಮಕ್ಕಳನ್ನು ಎಲ್ಲ ಆಟದಿಂದ ಬಿಡಿಸಿ ಮನೆಯಲ್ಲಿ ಕೂರಿಸುವ ನಮ್ಮ ಮೊಹಲ್ಲಾಗಳ ಪದ್ಧತಿಯ ಬಗ್ಗೆಯೂ ಯೋಚಿಸೋಣ. ಮುಂದೆ ತಾಯಂದಿರಾಗುವ ದೇಹಗಳಿಗೆ ಬಲ ಬೇಡವೇ?

ದುಂದುವೆಚ್ಚದ ಪ್ರಶ್ನೆ ಸರಿಯಾಗಿಯೇ ಇದೆ. ಸಾಲ ಮಾಡಿ, ಹಕ್ಕುದಾರರಿಗೆ ಕೊಡಬೇಕಾದದ್ದನ್ನು ತಡೆದು, ಮಕ್ಕಳನ್ನು ಹಿಮಕ್ಕೆ ಕರೆದೊಯ್ಯುವ ಅಗತ್ಯ ಯಾರಿಗೂ ಇಲ್ಲ. ಆದರೆ ಹಲಾಲ್ ಸಂಪಾದನೆಯಲ್ಲಿ, ವರ್ಷವಿಡೀ ದೂರವಿದ್ದ ತಂದೆ ಮಕ್ಕಳೊಂದಿಗೆ ಒಂದೆರಡು ದಿನ ಆಡುವುದು ದುಂದಲ್ಲ, ಅದು ಮಕ್ಕಳ ಹಕ್ಕು. ದುಂದು ಬೇರೆಡೆ ಇದೆ. ಮಗು ಚಳಿಯಲ್ಲಿ ನಡುಗುತ್ತಿರುವಾಗ ಸ್ಟೇಟಸ್‌ಗೆ ಹಾಕಲು ಇನ್ನೊಂದು ವೀಡಿಯೊ ಬೇಕೆಂದು ಮತ್ತೆ ನಿಲ್ಲಿಸುವುದು ದುಂದು. 2014ರಲ್ಲಿ ಬೆಂಗಳೂರಿನ ಆರು ವರ್ಷದ ಬಾಲಕನೊಬ್ಬ ಸ್ಕೇಟ್ಸ್ ಮೇಲೆ ಮೈ ಮಡಚಿ ಸಾಲಾಗಿ ನಿಲ್ಲಿಸಿದ 39 ಕಾರುಗಳ ಅಡಿಯಲ್ಲಿ ನುಸುಳಿ ದೇಶವನ್ನೇ ಬೆರಗುಗೊಳಿಸಿದ. ಆ ಮಗುವಿನ ಪರಿಶ್ರಮ ದೊಡ್ಡದು. ಆದರೆ ಅದನ್ನು ನೋಡಿ ನಮ್ಮ ಮಗುವಿನಿಂದಲೂ ದಾಖಲೆ ಮಾಡಿಸಬೇಕೆಂದು ಹೊರಡುವುದು ಬೇಡ.

ಅಜ್ಜಿಯ ಭಯವನ್ನೂ ತಿರಸ್ಕರಿಸಬೇಡಿ. ಅದು ಪ್ರೀತಿಯಿಂದ ಹುಟ್ಟಿದ್ದು. ಹೆಲ್ಮೆಟ್ ತೋರಿಸಿ, ಇಳಿಜಾರು ಎಷ್ಟು ಸಣ್ಣದೆಂದು ವಿವರಿಸಿ, ಹೊರಡುವ ಮೊದಲು ಅವರಿಂದಲೇ ಮಕ್ಕಳಿಗೆ ದುಆ ಮಾಡಿಸಿ. ಒಂಟೆಯನ್ನು ಕಟ್ಟಿ ನಂತರ ತವಕ್ಕುಲ್ ಮಾಡುವುದು ನಮಗೆ ಕಲಿಸಿದ ಕ್ರಮ. ಹೆಲ್ಮೆಟ್‌ನ ಪಟ್ಟಿ ಬಿಗಿಯುವುದು ನಮ್ಮ ಕೆಲಸ, ಕಾಪಾಡುವುದು ಅಲ್ಲಾಹನ ಕೆಲಸ.

ನಮ್ಮ ಮಕ್ಕಳು ಬಲವಾದ ಕಾಲುಗಳ ಮೇಲೆ ನಿಲ್ಲಲಿ, ಬಿದ್ದಾಗ ಏಳಲು ಕಲಿಯಲಿ. ಆ ಕಾಲುಗಳು ಒಳ್ಳೆಯ ದಾರಿಯಲ್ಲೇ ನಡೆಯುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.